ದೊಡ್ಡ ಮಾಡಿದ ದೀಪ, ಇಳಿದುಹೋದ ಬ್ಯಾಟರಿ

ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟ ಮೇಲೂ ನಾನು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತೇನೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಯಾರೂ ಕೇಳದ ಸಲಹೆಗಳನ್ನು ಕೊಟ್ಟು, ಚಹಾ ಕುಡಿದು ಮನೆಗೆ ಬರುವುದೇ ಈಗಿನ ನೌಕರಿ. ಅಳಿಯ ಒಳ್ಳೆಯವ. "ಹೌದ್ರಿ ಮಾವಾ" ಅನ್ನುತ್ತಾನೆ, ಆಮೇಲೆ ತನಗೆ ಸರಿ ಕಂಡದ್ದನ್ನೇ ಮಾಡುತ್ತಾನೆ. ಕೆಲಸ ಕಲಿಯಲು ಬರುವ ಐಟಿಐ ಹುಡುಗರು ಗಾಡಿಗೆ ಸ್ಕ್ಯಾನರ್ ಚುಚ್ಚಿ, ಪರದೆ ನೋಡಿ ರೋಗ ಹೇಳುತ್ತಾರೆ. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚೇನೂ ಇಲ್ಲ. ಇದ್ದರೂ ಸ್ವಲ್ಪವೇ. ಆದರೆ ಗಾಡಿಯ ಕರೆಂಟಿನ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದಿಷ್ಟು ಹೇಳಬೇಕು ಅನ್ನಿಸಿದೆ. ಬಾಯಲ್ಲಿ ಹೇಳಿದರೆ ಅವರು ಮೊಬೈಲು ನೋಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಊರು ಬನವಾಸಿ ಕಡೆ. ಮನೆಯಲ್ಲಿ ಕಿರಾಣಿ ವ್ಯಾಪಾರ. ತೂಕ ಅಳತೆಯಲ್ಲಿ ನನ್ನ ಕೈ ಯಾವಾಗಲೂ ಧಾರಾಳವಾಗಿದ್ದುದರಿಂದ ಅಪ್ಪ ನನ್ನನ್ನು ಅಂಗಡಿಯಿಂದ ಬೇಗನೆ ಎಬ್ಬಿಸಿ ಶಿರಸಿಯ ಒಬ್ಬ ಉಸ್ತಾದರ ಹತ್ತಿರ ಬಿಟ್ಟ. ಉಸ್ತಾದರು ಡೈನಮೋ, ಸೆಲ್ಫ್, ವೈರಿಂಗ್ ಕೆಲಸದಲ್ಲಿ ಪಳಗಿದವರು, ಬಾಯಿ ಜೋರು. ಗಾಡಿ ಬಂದ ಕೂಡಲೇ ನಾನು ಪಾನಾ ಹಿಡಿದು ಓಡಿದರೆ ಕಿವಿ ಹಿಂಡುತ್ತಿದ್ದರು. "ಪಹಿಲೆ ಚಾ ಹೇಳು. ಗಾಡಿಯವ ಕುಡೀಲಿ, ಮಾತಾಡ್ಲಿ. ಅವನ ಮಾತ್ನಾಗೆ ಅರ್ಧಾ ಫಾಲ್ಟು ಹೊರಗೆ ಬರ್ತದೆ" ಅನ್ನುತ್ತಿದ್ದರು. ಇದು ಗಿರಾಕಿಯನ್ನು ಕೂರಿಸಿಕೊಳ್ಳುವ ಉಪಾಯ ಅಂತ ನಾನು ಬಹಳ ಕಾಲ ತಿಳಿದಿದ್ದೆ.

ಆ ಮಾತು ಎಷ್ಟು ನಿಜ ಅಂತ ಗೊತ್ತಾದದ್ದು ಶಿರಸಿಯಲ್ಲೇ ನನ್ನದೇ ಅಂಗಡಿ ಹಾಕಿದ ಮೇಲೆ. ತೊಂಬತ್ತರ ಆಸುಪಾಸಿನಲ್ಲಿ ಸಿದ್ದಾಪುರದ ಬಿಳಗಿಯಿಂದ ಬಾಡಿಗೆ ಕಾರಿನವರೊಬ್ಬರು ಬರುತ್ತಿದ್ದರು. ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದರೆ ಒಂದು ಮಳೆಗಾಲ ಬಾಳುತ್ತಿರಲಿಲ್ಲ. ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ನೀರು ಕಂದು ಬಣ್ಣ. ಮೂಗು ಹತ್ತಿರ ಒಯ್ದರೆ ಮದುವೆ ಮನೆಯ ಪರಿಮಳ. ನನಗೆ ತಲೆಬುಡ ತಿಳಿಯಲಿಲ್ಲ. ಉಸ್ತಾದರನ್ನು ನೆನೆದು ಚಹಾ ತರಿಸಿದೆ. ಕಾರಿನವರು ಚಹಾ ಬೇಡ ಅಂದರು, ಹೊರಗಿನದು ಏನೂ ಕುಡಿಯುವುದಿಲ್ಲವಂತೆ, ಮನೆಯಿಂದಲೇ ನೀರಿನ ಬಾಟಲಿ ತಂದಿದ್ದರು. ಅದರಲ್ಲಿ ಲಾವಂಚದ ಬೇರು ಹಾಕಿ ಕಾಸಿ ಆರಿಸಿದ ನೀರು.

"ಬ್ಯಾಟರಿಗೆ ಯಾವ ನೀರು ಹಾಕ್ತೀರಿ?" ಅಂತ ಕೇಳಿದೆ.

"ನೀನೇ ಹೇಳಿದ್ಯಲ, ಶುದ್ಧ ನೀರೇ ಆಗವು ಹೇಳಿ. ಇದಕ್ಕಿಂತ ಶುದ್ಧ ಎಂತ ಇದ್ದು?" ಅಂದರು.

ನಾನು ನಗಲಿಲ್ಲ. ನಕ್ಕಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ. ಬ್ಯಾಟರಿಗೆ ಪರಿಮಳ ಆಗಿಬರುವುದಿಲ್ಲ ಅಂತ ಹೇಳಿ ಡಿಸ್ಟಿಲ್ಡ್ ವಾಟರಿನ ಡಬ್ಬಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಬೆಂಚಿನ ಮೇಲೆ ಬಿದ್ದು ನಕ್ಕೆ.

ಆಗ ನಮ್ಮ ಆಯುಧ ಅಂದರೆ ಟೆಸ್ಟ್ ಲ್ಯಾಂಪು: ಒಂದು ಬಲ್ಬು, ಎರಡು ವೈರು. ಬ್ಯಾಟರಿಯ ತಂತಿ ಬಿಚ್ಚಿ ನಡುವೆ ಅದನ್ನು ಸಿಕ್ಕಿಸುವುದು. ಗಾಡಿ ಬಂದ್ ಇದ್ದೂ ಬಲ್ಬು ಮಿಣಿಮಿಣಿ ಅಂದರೆ ಎಲ್ಲೋ ಕರೆಂಟು ಕದ್ದು ಹರಿಯುತ್ತಿದೆ ಅಂತ ಅರ್ಥ. ಒಂದೊಂದೇ ಫ್ಯೂಸು ಕಿತ್ತು, ಬಲ್ಬು ಯಾವಾಗ ಆರುತ್ತದೆ ಅಂತ ನೋಡುವುದು. ಆಮೇಲೆ ಮುಳ್ಳಿನ ಮೀಟರು ಬಂತು, ಆಮೇಲೆ ಅಂಕಿ ತೋರಿಸುವ ಮೀಟರು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ನೀರೇ ಕೇಳದ ಬ್ಯಾಟರಿ ಬಂತು. ಕೈಗೆ ಮಸಿ ಹತ್ತುವುದು ಕಡಿಮೆಯಾಯಿತು. ಇವೆಲ್ಲ ಒಳ್ಳೆಯದೇ, ದೂರುವುದಿಲ್ಲ. ಆದರೆ ಅಂಗಡಿಗೆ ಬಂದಾಗ ಸರಿಯಾಗಿಯೇ ಇರುವ, ಊರಿಗೆ ಹೋದ ಮೇಲೆ ಮಾತ್ರ ಕೆಡುವ ಗಾಡಿಯ ಮುಂದೆ ಯಾವ ಮೀಟರೂ ಏನೂ ಮಾಡಲಾರದು. ಅಂಥದ್ದೊಂದು ಜೀಪಿನ ಕತೆ ಹೇಳುತ್ತೇನೆ. ನನ್ನ ಇಡೀ ಕಸುಬಿನಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರದ ಕೇಸು ಅದು.

ಯಲ್ಲಾಪುರದ ಮಾಗೋಡು ಕಡೆಯ ತಿಮ್ಮಣ್ಣ ಭಟ್ಟರದು ಹಳೇ ಡೀಸೆಲ್ ಜೀಪು. ಭಟ್ಟರು ಆಗಲೇ ಅರವತ್ತೈದು ದಾಟಿದವರು. ತೋಟ ಮಗ ನಾರಾಯಣ ನೋಡಿಕೊಳ್ಳುತ್ತಿದ್ದ, ಜೀಪು ಮಾತ್ರ ಭಟ್ಟರದೇ. ಬೆಳಿಗ್ಗೆ ಶಾಲೆಯ ಮಾಸ್ತರುಗಳನ್ನು, ಬಸುರಿಯರನ್ನು, ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಯಲ್ಲಾಪುರಕ್ಕೆ ಹೋಗುವುದು, ಮಧ್ಯಾಹ್ನ ಇಲ್ಲವೇ ಸಂಜೆ ವಾಪಸ್ಸು ಬರುವುದು. ಇದು ಅವರಿಗೆ ದುಡಿಮೆಯಷ್ಟೇ ಅಲ್ಲ, ಬದುಕಿನ ಗತ್ತು. ಆ ಜೀಪಿನ ಬ್ಯಾಟರಿ ಇಳಿಯಲು ಶುರುವಾಯಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಕಟ್ ಕಟ್ ಅನ್ನುವುದು, ಅಷ್ಟೇ. ಮಾಸ್ತರುಗಳೆಲ್ಲ ಇಳಿದು ದೂಡಬೇಕು.

ಮೊದಲು ನೋಡಿದವನು ಯಲ್ಲಾಪುರದ ಮೆಕ್ಯಾನಿಕ್ ಚಾಕೋ. ಕೇರಳದಿಂದ ಬಂದು ಅಲ್ಲೇ ನೆಲೆಸಿದವ, ನನಗೆ ಸ್ನೇಹಿತ, ಇಂಜಿನ್ ಕೆಲಸದಲ್ಲಿ ಎತ್ತಿದ ಕೈ. ಅವನು ಬ್ಯಾಟರಿ ಬದಲಿಸಿದ, ಡೈನಮೋದ ಬ್ರಷ್ ಬದಲಿಸಿದ. ಒಂದು ವಾರ ಸರಿಹೋದಂತೆ ಕಂಡು ಮತ್ತೆ ಅದೇ ರಾಗ. ಕೊನೆಗೆ ನಾರಾಯಣ ಜೀಪನ್ನು ಹೊಡೆದುಕೊಂಡು ಶಿರಸಿಗೆ ಬಂದ. ನಾನು ಮೀಟರು ಹಚ್ಚಿದೆ, ಎಲ್ಲೂ ಸೋರಿಕೆ ಇಲ್ಲ. ಇಂಜಿನ್ ಚಾಲೂ ಮಾಡಿದೆ, ಚಾರ್ಜಿಂಗ್ ಸರಿಯಾಗಿದೆ. ಒಂದು ರಾತ್ರಿ ಅಂಗಡಿಯಲ್ಲೇ ಬಿಡಿಸಿಕೊಂಡೆ, ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದಿತು. ಹೀಗೆ ಎರಡು ಮೂರು ಸಲ ಬಂದು ಹೋಯಿತು.

ಕೊನೆಯ ಸಲ ನಾರಾಯಣ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ: "ಈರಣ್ಣ, ಗಾಡಿದು ತಪ್ಪಲ್ಲ ಕಾಣ್ತು. ನಾ ಹೊಡೆದ ದಿನ ಬ್ಯಾಟರಿ ಸರಿ ಇರ್ತು. ಅಪ್ಪಯ್ಯ ಹೊಡೆದ ದಿನ ಮಾತ್ರ ಇಳಿತು. ಲೈಟು ಬ್ರೈಟಲ್ಲೇ ಬಿಟ್ಟಿಕ್ಕೆ ಮನೆಗೆ ಬತ್ತ್ರಡ. ಚಾಕೋನ ಹತ್ರ ಅವರೇ ಒಪ್ಪಿಕೊಂಡಿದ್ರಡ."

"ನೀ ಅವರನ್ನ ಕೇಳಿಯೇನು?" ಅಂದೆ.

"ಹೆಂಗೆ ಕೇಳದು ಮಾರಾಯ? ನಿಂಗೆ ಮರವು ಬೈಂದು ಹೇಳಿ ಅಪ್ಪಯ್ಯನ ಮುಖ ನೋಡಿ ಹೇಳದು ಹೆಂಗೆ?" ಅಂದ. ಅವನ ಕಣ್ಣಲ್ಲಿ ನೀರಿತ್ತು. "ಇನ್ನು ಆ ಇಳಿಜಾರು ರಸ್ತೆಲಿ ಬ್ರೇಕು ಒತ್ತೂಲೆ ಮರೆತ್ರೆ? ಜನರನ್ನ ಹೇರ್ಕಂಡು ಹೋಪ ಗಾಡಿ. ಅದಕ್ಕೆ ಕೀ ನಾನೇ ಇಟ್ಕಂಡಿದ್ದೆ. ನಿಂಗ ಸ್ವಲ್ಪ ದಿನ ಆರಾಮ ತಗಳಿ ಹೇಳಿ ಅಷ್ಟೇ ಹೇಳಿದ್ದಿ."

ಅವನ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ನನ್ನ ಮೀಟರೂ ಅವನ ಪಕ್ಷವನ್ನೇ ಹಿಡಿದಿತ್ತು.

ಕೆಲವು ದಿನಗಳ ನಂತರ ಭಟ್ಟರು ಬಸ್ಸಿನಲ್ಲಿ ಅಂಗಡಿಗೆ ಬಂದರು. ಹೆಗಲ ಮೇಲೆ ಮಡಿಸಿದ ಶಾಲು, ಕೈಯಲ್ಲಿ ಕೊಡೆ. ಅವರು ಬಸ್ಸಿನಿಂದ ಇಳಿದು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೆಂಚಿನ ತುದಿಯಲ್ಲಿ ಕೂತರು. ಚಹಾ ಬಂತು, ಕುಡಿದರು. ಕೊನೆಗೆ ಲೋಟ ಕೆಳಗಿಟ್ಟು, "ಈರಣ್ಣ, ನಂದೊಂದು ಕೆಲಸ ಮಾಡಿಕೊಡವು" ಅಂದರು.

"ಹೇಳ್ರಿ ಭಟ್ರೆ."

"ಒಂದಿನ ನಮ್ಮನಿಗೆ ಬಾ. ಯನ್ನ ಜೊತಿಗೆ ಜೀಪಲ್ಲಿ ಕೂತು ನೋಡು. ತಪ್ಪು ಗಾಡಿದಾದ್ರೆ ಎಲ್ಲರ ಎದುರಿಗೆ ಹೇಳು. ಆನೇ ಮರೆತಿದ್ದೆ ಹೇಳಾದ್ರೆ..." ಅವರು ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವರೆಲ್ಲ ಇಪ್ಪಕ್ಕಾರೆ ಹೇಳಡ. ಯಂಗೊಬ್ಬಂಗೆ ಹೇಳು. ಆನೇ ಕೀ ಬೇಡ ಹೇಳಿ ಬಿಡ್ತೆ."

ಬರುತ್ತೇನೆ ಅಂದೆ. ಮಾತು ಮುಂದುವರಿಸಲು ಸುಮ್ಮನೆ ಕೇಳಿದೆ: "ಗಾಡಿ ನಿಲ್ಲಿಸಿದ ಮ್ಯಾಲೆ ಲೈಟು ಏನ್ ಮಾಡ್ತೀರಿ?"

"ಎಂತ ಮಾಡ್ತೆ, ದಿನಾ ದೀಪ ದೊಡ್ಡ ಮಾಡಿಕ್ಕೇ ಇಳಿತೆ. ಚಾಕೋ ಕೇಳಿದಾಗ್ಲೂ ಅದನ್ನೇ ಹೇಳಿದ್ದಿ."

ನನಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಬೆಂಚಿನಿಂದ ಎದ್ದೇಬಿಟ್ಟೆ. ನಮ್ಮಲ್ಲಿ ದೀಪವನ್ನು ಆರಿಸು ಅನ್ನಬಾರದು, ಅದು ಅಶುಭದ ಮಾತು. ನಮ್ಮ ಅವ್ವ ಶಾಂತ ಮಾಡು ಅನ್ನುತ್ತಿದ್ದಳು. ಭಟ್ಟರಂಥ ಹಳಬರು ದೊಡ್ಡ ಮಾಡು ಅನ್ನುತ್ತಾರೆ. ದೇವರ ಮುಂದಿನ ದೀಪಕ್ಕೆ ಹೇಳುವ ಮಾತನ್ನು ಭಟ್ಟರು ಜೀಪಿನ ಹೆಡ್‌ಲೈಟಿಗೂ ಹೇಳುತ್ತಿದ್ದರು. ಕನ್ನಡವನ್ನು ಗ್ಯಾರೇಜಿನಲ್ಲಿ ಕಲಿತ ಚಾಕೋ, ಲೈಟು ದೊಡ್ಡದು ಮಾಡುವುದು ಅಂದರೆ ಬ್ರೈಟ್ ಹಾಕುವುದು ಅಂತ ತಿಳಿದ. ಅದನ್ನೇ ತನ್ನ ಮಾತಿನಲ್ಲಿ ನಾರಾಯಣನಿಗೆ ಹೇಳಿದ. ನಾರಾಯಣ ಅಪ್ಪನ ಮನಸ್ಸಿಗೆ ನೋವಾದೀತು ಅಂತ ಕೇಳಲೇ ಇಲ್ಲ. ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಾನು ಯಲ್ಲಾಪುರಕ್ಕೆ ಫೋನ್ ಮಾಡಿ ಚಾಕೋನಿಗೆ ವಿಷಯ ತಿಳಿಸಿದೆ. "ಅಯ್ಯೋ ದೇವರೇ, ದೊಡ್ಡದು ಅಂದರೆ ಆಫಾ? ಹಾಗಾದರೆ ಈ ಊರಲ್ಲಿ ಚಿಕ್ಕದು ಅಂದರೆ ಏನು?" ಅಂದ. ಭಟ್ಟರು ಪಕ್ಕದಲ್ಲಿ ಕೂತು ಅಷ್ಟು ದಿನಗಳ ನಂತರ ನಕ್ಕರು.

ಆದರೆ ನಗು ನಿಂತ ಮೇಲೆ ನೋಡಿದರೆ ಕಗ್ಗಂಟು ಅಲ್ಲೇ ಇತ್ತು. ಮಾತಿನ ತಪ್ಪು ತಿಳಿಯಿತು, ಸರಿ. ಬ್ಯಾಟರಿ ಇಳಿಯುವುದು ಮಾತಿನಿಂದ ಅಲ್ಲವಲ್ಲ. ಮಗ ಹೊಡೆದ ದಿನ ಇಳಿಯದ್ದು ಅಪ್ಪ ಹೊಡೆದ ದಿನ ಯಾಕೆ ಇಳಿಯುತ್ತದೆ? ಭಟ್ಟರಿಗೂ ಅದೇ ಹುಳ ತಲೆಯಲ್ಲಿ ಹೊಕ್ಕಿತ್ತು. "ದೊಡ್ಡ ಮಾಡ್ತೆ ಹೇಳಿ ಹೇಳ್ತೆ ಸೈ. ಮಾಡ್ತ್ನಾ ಇಲ್ಯಾ ಹೇಳಿ ಈಗ ಯಂಗೇ ಧೈರ್ಯ ಇಲ್ಲೆ" ಅಂದರು. ಆ ಮಾತು ಕೇಳಿ ನನಗೆ ಬಹಳ ಸಂಕಟವಾಯಿತು. ಕೀ ಕಳೆದುಕೊಂಡದ್ದಕ್ಕಿಂತ ತನ್ನ ತಲೆಯ ಮೇಲಿನ ನಂಬಿಕೆ ಕಳೆದುಕೊಂಡದ್ದೇ ಅವರನ್ನು ಮುದುಕರನ್ನಾಗಿ ಮಾಡಿತ್ತು.

ಮುಂದಿನ ವಾರ ನಾನು ಯಲ್ಲಾಪುರಕ್ಕೆ ಹೋದೆ. ನಾರಾಯಣ ಅಪ್ಪನನ್ನು ಕೂರಿಸಿಕೊಂಡು ಜೀಪು ತಂದಿದ್ದ. ದೀಪ ದೊಡ್ಡ ಮಾಡುವ ಕತೆ ಅವನಿಗೂ ಮುಟ್ಟಿತ್ತು, ಆದರೆ ಅನುಮಾನ ಹೋಗಿರಲಿಲ್ಲ. "ಇವತ್ತೊಂದಿನ ಭಟ್ರು ಹೊಡೀಲಿ. ನಾವಿಬ್ರೂ ಹಿಂದೆ ಕೂಡೋಣ, ಯಾರೂ ಏನೂ ಹೇಳಿಕೊಡೋದು ಬ್ಯಾಡ" ಅಂದೆ. ಅವನು ಒಲ್ಲದ ಮನಸ್ಸಿನಿಂದ ಕೀ ಕೊಟ್ಟ.

ಭಟ್ಟರು ಹೊಡೆಯುವುದನ್ನು ಹಿಂದಿನಿಂದ ನೋಡುತ್ತಾ ಬಂದೆ. ಗೇರು ಬದಲಿಸುವ ಕೈ ನಡುಗುತ್ತಿರಲಿಲ್ಲ. ತಿರುವಿಗೆ ಮೊದಲೇ ಹಾರ್ನು, ಇಳುಕಲಿಗೆ ಮೊದಲೇ ಸಣ್ಣ ಗೇರು. ಅವರ ಮನೆ ರಸ್ತೆಯಿಂದ ಕೆಳಗೆ. ಜೀಪು ನಿಲ್ಲುವುದು ಮೇಲೆ, ರಸ್ತೆ ಪಕ್ಕದ ತಗಡಿನ ಮಾಡಿನ ಕೆಳಗೆ. ಅಲ್ಲಿಗೆ ಒಂದು ಏರು ಹತ್ತಿಸಿ ಜೀಪು ನಿಲ್ಲಿಸಿದರು. ನಿಲ್ಲಿಸಿದವರು ಇಂಜಿನ್ ಬಂದ್ ಮಾಡಲಿಲ್ಲ. ಎಕ್ಸಿಲರೇಟರನ್ನು ತಳಕ್ಕೆ ಒತ್ತಿ ಭರ್ರ್ ಅಂತ ಒಂದು ರೇಸ್ ಕೊಟ್ಟರು. ತಗಡು ಅದುರಿತು, ನಾಯಿ ಎದ್ದು ಓಡಿತು. ಆ ಭರದಲ್ಲೇ ಸ್ಟಾಪರ್ ಎಳೆದು ಇಂಜಿನ್ ನಿಲ್ಲಿಸಿದರು.

ನಾರಾಯಣ ಇಳಿದು ಬಂದು ಕೈ ಚಾಚಿದ. ಭಟ್ಟರು ಮಗನ ಮುಖ ನೋಡದೆ ಕೀ ಅವನ ಕೈಗೆ ಹಾಕಿದರು. ನನಗೆ ಆ ಕಡೆ ನೋಡಲಾಗಲಿಲ್ಲ.

"ಭಟ್ರೆ, ದಿನಾ ಹಿಂಗೇ ರೇಸ್ ಕೊಡ್ತೀರೇನ್ರಿ?" ಅಂತ ಕೇಳಿದೆ.

ಅವರಿಗೆ ನಾಚಿಕೆಯಾಯಿತು. "ಅದು ಸಾವಿತ್ರಿಗೆ. ಹ್ವಾದ ಮಳೆಗಾಲದಿಂದ ಅವಳ ಕಿವಿ ಮಂದ ಆಯ್ದು. ಕರೆದ್ರೆ ಕೇಳ್ತಿಲ್ಲೆ, ಹಾರ್ನೂ ಕೇಳ್ತಿಲ್ಲೆ. ಈ ಶಬ್ದ ಮಾತ್ರ ಕೇಳ್ತಡ. ಇದು ಕೇಳಿದ ಮೇಲೇ ಅವಳು ಊಟಕ್ಕೆ ಬಾಳೆ ಹಾಕದು" ಅಂದರು.

ನಾರಾಯಣ ಬೆಪ್ಪಾಗಿ ನಿಂತ. ಅಮ್ಮನಿಗಾಗಿ ಅಪ್ಪ ಹೀಗೆ ಮಾಡುವುದು ಅವನಿಗೆ ಗೊತ್ತೇ ಇರಲಿಲ್ಲ. ಆ ಹೊತ್ತಿನಲ್ಲಿ ಅವನು ತೋಟದಲ್ಲಿ ಇರುತ್ತಿದ್ದ. ನನ್ನ ತಲೆಯಲ್ಲಿ ಮಾತ್ರ ಏನೋ ಕೂಡಿಕೊಳ್ಳತೊಡಗಿತ್ತು. ಹೋದ ಮಳೆಗಾಲವೇ ಬ್ಯಾಟರಿ ಇಳಿಯಲು ಶುರುವಾದ ಕಾಲ. ಆದರೂ ಬಾಯಿ ಬಿಡಲಿಲ್ಲ. "ಈಗ ಯಾರೂ ಬಾನೆಟ್ ಎತ್ತಬ್ಯಾಡ್ರಿ. ಮೊದಲು ಊಟ" ಅಂದೆ.

ಕೆಳಗೆ ಹೋದರೆ ಸಾವಿತ್ರಮ್ಮ ಆಗಲೇ ಬಾಗಿಲಲ್ಲಿ ನಿಂತಿದ್ದರು. "ಆಸರಿಗೆ ಎಂತ ಕುಡಿತ್ರಿ?" ಅಂತ ಕೇಳಿ, ನಮ್ಮ ಉತ್ತರ ಕೇಳಿಸದೆ, ತಮಗೆ ತೋಚಿದ್ದನ್ನು ತಂದುಕೊಟ್ಟರು. ಊಟಕ್ಕೆ ಮಾವಿನಕಾಯಿಯ ಅಪ್ಪೆಹುಳಿ ಇತ್ತು. ಅದನ್ನು ಲೋಟಗಟ್ಟಲೆ ಕುಡಿದವನಿಗೆ ನಿದ್ದೆ ಬರದಿದ್ದರೆ ಅಡುಗೆಯವರಿಗೆ ಅವಮಾನ. ನಾನು ಅವಮಾನ ಮಾಡಲಿಲ್ಲ. ಜಗಲಿಯಲ್ಲಿ ಸಮಾ ನಿದ್ದೆ ಹೊಡೆದು ಎದ್ದಾಗ ಬಿಸಿಲು ವಾಲಿತ್ತು, ಭಟ್ಟರು ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಾ ಕೂತಿದ್ದರು. ಅವರು ಕಣ್ಣು ಮುಚ್ಚಿರಲಿಲ್ಲ.

ಮೂವರೂ ಮೇಲೆ ಹೋದೆವು. ಬಾನೆಟ್ ಎತ್ತಿ ಇಂಜಿನ್ ಮುಟ್ಟಿದೆ, ಉಗುರುಬೆಚ್ಚಗಿತ್ತು. ಡೈನಮೋ ಮುಟ್ಟಿದವನು ಕೈ ಹಿಂದಕ್ಕೆ ಎಳೆದುಕೊಂಡೆ. ಆಮೇಲೆ ನಾರಾಯಣನ ಕೈ ಹಿಡಿದು ಅದರ ಮೇಲೆ ಇಟ್ಟೆ.

"ಅಯ್ಯಬ್ಬ! ಇದೆಂತಕ್ಕೆ ಇಷ್ಟು ಬಿಸಿ? ಇಂಜಿನ್ ಬಂದಾಗಿ ಎಷ್ಟು ಹೊತ್ತಾತು!" ಅಂದ.

ಈಗಿನ ಹುಡುಗರಿಗಾಗಿ ಇಲ್ಲಿ ಸ್ವಲ್ಪ ಹೇಳಬೇಕು. ಡೈನಮೋದ ಕಾಲದಲ್ಲಿ ಕಟೌಟ್ ಅಂತ ಒಂದಿತ್ತು. ಸಿನಿಮಾ ಟಾಕೀಸಿನ ಮುಂದೆ ನಿಲ್ಲಿಸುವುದಲ್ಲ. ಡೈನಮೋಕ್ಕೂ ಬ್ಯಾಟರಿಗೂ ನಡುವೆ ಇರುವ ಸಣ್ಣ ಬಾಗಿಲು ಅದು. ಇಂಜಿನ್ ಓಡುವಾಗ ಅದರ ಎರಡು ಪಾಯಿಂಟುಗಳು ಕೂಡಿಕೊಂಡು ಬ್ಯಾಟರಿಗೆ ಕರೆಂಟು ಬಿಡುತ್ತವೆ, ಇಂಜಿನ್ ನಿಂತಾಗ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಳ್ಳದಿದ್ದರೆ ಬ್ಯಾಟರಿಯಲ್ಲಿದ್ದ ಕರೆಂಟು ತಿರುಗಿ ಡೈನಮೋದೊಳಗೆ ಹರಿದು, ಅದನ್ನು ಬಿಸಿ ಮಾಡುತ್ತಾ ಖಾಲಿಯಾಗುತ್ತದೆ. ಭಟ್ಟರ ಜೀಪಿನ ಕಟೌಟು ಹಳತು, ಸ್ಪ್ರಿಂಗು ಸಡಿಲ. ಇಂಜಿನ್ ನಿಧಾನಕ್ಕೆ ಇಳಿದು ನಿಂತರೆ ಪಾಯಿಂಟುಗಳು ಸರಿಯಾಗಿ ಬಿಡುತ್ತಿದ್ದವು. ಮಗ ನಿಲ್ಲಿಸುತ್ತಿದ್ದದ್ದು ಹಾಗೆ, ನಾನು ಅಂಗಡಿಯಲ್ಲಿ ನಿಲ್ಲಿಸುತ್ತಿದ್ದದ್ದೂ ಹಾಗೆಯೇ. ಭಟ್ಟರು ಪೂರ್ತಿ ರೇಸಿನಲ್ಲಿ, ಜೋರು ಕರೆಂಟು ಹರಿಯುವಾಗಲೇ ನಿಲ್ಲಿಸುತ್ತಿದ್ದರು. ಆ ಬಿಸಿಗೆ ಪಾಯಿಂಟುಗಳು ಅಂಟಿಕೊಂಡೇ ಇರುತ್ತಿದ್ದವು. ಬೆಳಿಗ್ಗೆ ಜೀಪು ದೂಡಿ ಚಾಲೂ ಮಾಡಿದಾಗ ಕುಲುಕಾಟಕ್ಕೆ ಬಿಟ್ಟುಕೊಂಡು, ಚಾಕೋ ಬಂದು ನೋಡುವಷ್ಟರಲ್ಲಿ ಎಲ್ಲ ಸರಿ. ಡ್ಯಾಶ್‌ಬೋರ್ಡಿನ ಮೀಟರು ನೋಡಿ ತಿಳಿಯೋಣ ಅಂದರೆ, ಆ ಕಾಲದ ಜೀಪುಗಳಲ್ಲಿ ಮೀಟರಿನ ಮುಳ್ಳು ಇರುತ್ತಿದ್ದದ್ದು ಅಲಂಕಾರಕ್ಕೆ.

ನಾನು ಕಟೌಟಿನ ಮುಚ್ಚಳ ಬಿಚ್ಚಿ ಅಂಟಿಕೊಂಡ ಪಾಯಿಂಟುಗಳನ್ನು ಅಪ್ಪ ಮಗ ಇಬ್ಬರಿಗೂ ತೋರಿಸಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದೆ. ಟಕ್ ಅಂತ ಬಿಟ್ಟುಕೊಂಡಿತು.

"ನಾರಾಯಣ, ಇವತ್ತು ಹಗಲು. ಲೈಟು ಹಾಕೇ ಇಲ್ಲ. ಇನ್ನ ಮರೆಯೋದು ಎಲ್ಲಿಂದ ಬಂತು? ನಿಮ್ಮ ಅಪ್ಪ ಏನೂ ಮರೆತಿಲ್ಲ. ಒಂದು ದಿನಾನೂ ಮರೆತಿಲ್ಲ" ಅಂದೆ. ಎಲ್ಲರ ಎದುರಿಗೆ ಹೇಳು ಅಂದಿದ್ದರಲ್ಲ, ಇದ್ದಷ್ಟು ಜನರ ಎದುರಿಗೆ ಗಟ್ಟಿಯಾಗಿಯೇ ಹೇಳಿದೆ.

ಭಟ್ಟರು ತಿರುಗಿ ಕೆಳಗಿಳಿದು ಹೋದರು, ಹೋದ ವೇಗಕ್ಕೆ ಶಾಲು ಮೆಟ್ಟಿಲ ಮೇಲೆ ಬಿತ್ತು. ನಾವು ಅದನ್ನು ಎತ್ತಿಕೊಂಡು ಹಿಂದೆ ಹೋದಾಗ ಅವರು ಸಾವಿತ್ರಮ್ಮನ ಕಿವಿಯ ಹತ್ತಿರ ಬಾಯಿಟ್ಟು ಕೂಗುತ್ತಿದ್ದರು: "ಆನು ಮರೆತಿದ್ನಿಲ್ಲೆ! ಕೇಳ್ತಾ? ಆನು ಮರೆತಿದ್ನಿಲ್ಲೆ!"

"ನಿಂಗ ಮರೆತ್ರಿ ಹೇಳಿ ಯಾರು ಹೇಳಿದ್ದು?" ಅಂದರು ಸಾವಿತ್ರಮ್ಮ. ಮನೆಯಲ್ಲಿ ಇಷ್ಟೆಲ್ಲ ನಡೆದದ್ದು ಆ ತಾಯಿಗೆ ಯಾರೂ ಹೇಳಿರಲಿಲ್ಲ.

ನಾರಾಯಣ ಕಂಬ ಹಿಡಿದು ನಿಂತು ಅತ್ತ. ಯಾರೂ ಅವನನ್ನು ಬೈಯಲಿಲ್ಲ. ಬೈಯುವಂಥದ್ದು ಏನಿತ್ತು? ಅಪ್ಪನಿಗೆ ನೋಯಬಾರದು ಅಂತ ಸುಮ್ಮನಿದ್ದವನು ಅವನು.

ಹಳೇ ಕಟೌಟಿನ ಪಾಯಿಂಟುಗಳನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಸ್ಪ್ರಿಂಗು ಬಿಗಿ ಮಾಡಿ, ಹೊಸದನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ ಅಂತ ಹೇಳಿದೆ. ಭಟ್ಟರು ಹತ್ತಿರ ಬಂದು, "ಹಂಗಾರೆ ಇನ್ನು ರೇಸ್ ಕೊಡದು ಬ್ಯಾಡ್ದಾ?" ಅಂತ ಮೆಲ್ಲಗೆ ಕೇಳಿದರು.

"ಕೊಡ್ರಿ, ಯಾಕ ಬಿಡ್ತೀರಿ? ಕೊಟ್ಟ ಮ್ಯಾಲೆ ಕಾಲು ತಗದು, ಇಂಜಿನ್ ಸಮಾಧಾನ ಆದ ಮ್ಯಾಲೆ ಸ್ಟಾಪರ್ ಎಳೀರಿ. ಅಷ್ಟರಾಗ ಅಮ್ಮಾರು ಬಾಳೆ ಹಾಕಿರ್ತಾರ" ಅಂದೆ.

ನನಗೆ ಶಿರಸಿಯ ಬಸ್ಸು ಹಿಡಿಯಬೇಕಿತ್ತು, ಹೊತ್ತಾಗಿತ್ತು. ನಾರಾಯಣ ಮುಖ ತೊಳೆದು ನಮಗಿಂತ ಮುಂದೆ ಮೆಟ್ಟಿಲು ಹತ್ತಿ ಜೀಪಿನ ಹತ್ತಿರ ಹೋದ. ನಾವು ಮೇಲೆ ಬರುವಷ್ಟರಲ್ಲಿ ಅವನು ಹತ್ತಿ ಕೂತಿದ್ದ, ಸ್ಟೇರಿಂಗಿನ ಮುಂದಲ್ಲ, ಎಡಗಡೆಯ ಸೀಟಿನಲ್ಲಿ. ಅಂಗೈ ಮೇಲೆ ಕೀ ಇಟ್ಟುಕೊಂಡು ಅಪ್ಪನ ಕಡೆ ಚಾಚಿದ.

"ಅಪ್ಪಯ್ಯಾ, ಹೊಡಿ. ಈರಣ್ಣಂಗೆ ಬಸ್ಸು ತಪ್ತು."

ಭಟ್ಟರು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಕೀ ತೆಗೆದುಕೊಳ್ಳುವ ಮೊದಲು ಮಗನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು.